ಠಾಣೆಗೂ ಧಾರವಾಡಕ್ಕೂ ಒಂದೇ ಶಾಸನಸಭೆ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಇಂದು ಮನೆಮಾರು ಮಾಡಿಕೊಂಡು ನೆಲೆಸಿರುವ ಕನ್ನಡಿಗರಲ್ಲಿ ಬಹುಮಂದಿ, ತಾವು ಅಥವಾ ತಮ್ಮ ಹಿರಿಯರು ಉದ್ಯೋಗನಿಮಿತ್ತವಾಗಿ ಸ್ವರಾಜ್ಯವನ್ನು ಬಿಟ್ಟು ಪರರಾಜ್ಯಕ್ಕೆ ಬಂದವರೆಂದು ಭಾವಿಸುವುದುಂಟು. ಮೈಸೂರು ಸೀಮೆಯಿಂದಲೋ, ಮದರಾಸು ಇಲಾಖೆಗೆ ಸೇರಿದ್ದ ಮಂಗಳೂರು, ಉಡುಪಿ, ಕುಂದಾಪುರಗಳಿಂದಲೋ ಬಂದವರ ವಿಷಯದಲ್ಲಿ ಈ ಭಾವನೆ ಯಥಾರ್ಥವೇ ಆಗಿದೆ. ಆದರೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳಿಂದ 1956ಕ್ಕೆ ಮೊದಲು ಇಲ್ಲಿಗೆ ಬಂದವರು ಯಾವ ರಾಜ್ಯದ ಗಡಿಯನ್ನೂ ದಾಟಿರಲಿಲ್ಲ. ಅವರು ತಮ್ಮ ಊರಿನಲ್ಲಿ ಯಾವ ಕಾಯಿದೆಯಂತೆ ಹೊಲದ ಸಾರಾ (ಭೂಕಂದಾಯ) ಕಟ್ಟುತ್ತಿದ್ದರೋ ಅದೇ ಕಾಯಿದೆಯಂತೆ ಕಲ್ಯಾಣ ತಾಲ್ಲೂಕಿನ ರೈತನೂ ತನ್ನ ಗದ್ದೆಯ ಸಾರಾ ಕಟ್ಟುತ್ತಿದ್ದನು. ಆ ಕಾಯಿದೆಯನ್ನು ರಚಿಸಿದ ಸಭೆಯೂ ಒಂದೇ ಆಗಿದ್ದಿತು. 1862ರಿಂದ 1956ರವರೆಗೆ, ತೊಂಬತ್ತನಾಲ್ಕು ವರ್ಷಗಳ ಕಾಲ, ಕೊಂಕಣದ ಈ ತೀರಕ್ಕೂ ಮಲಪ್ರಭೆ ತುಂಗಭದ್ರೆಗಳ ಆ ಬಯಲಿಗೂ ಸಮಾನವಾಗಿ ಶಾಸನವನ್ನು ವಿಧಿಸಿದ ಮುಂಬಯಿಯ ಶಾಸನಸಭೆಯು ಹತ್ತೊಂಬತ್ತನೆಯ ಶತಮಾನದಲ್ಲಿ ಹೇಗೆ ಹುಟ್ಟಿತು, ಅದರಲ್ಲಿ ಯಾರು ಕುಳಿತರು, ಅವರು ಮಾಡಿದ್ದೇನು, ಮಾಡಲಾರದೆ ಹೋದದ್ದೇನು ಎಂಬುದನ್ನು ತಿಳಿಯುವುದು ಈ ಪ್ರದೇಶದ ಕನ್ನಡಿಗರಿಗೆ ತಮ್ಮ ಮನೆತನದ ಇತಿಹಾಸವನ್ನೇ ತಿಳಿದಂತೆ ಎಂದು ನಾನು ನಂಬಿದ್ದೇನೆ.

ಕಾಯಿದೆ ಮಾಡುವ ಅಧಿಕಾರ ಮುಂಬಯಿಗೆ ಮೊದಲಿನಿಂದಲೂ ಇದ್ದಿತು. ಗವರ್ನರ್ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ನನ ಆಡಳಿತದ ಕೊನೆಯಲ್ಲಿ, 1827ರಲ್ಲಿ, ಇಲಾಖೆಯ ನಿಬಂಧನೆಗಳೆಲ್ಲವೂ ಒಂದು ಸಂಹಿತೆಯಾಗಿ ಹೊರಬಂದಿದ್ದವು. ಆದರೆ 1833ರ ಸನದು ಕಾಯಿದೆಯು ಆ ಅಧಿಕಾರವನ್ನು ಮುಂಬಯಿ ಮದರಾಸುಗಳಿಂದ ಕಿತ್ತುಕೊಂಡು ಕಲಕತ್ತೆಯ ಗವರ್ನರ್ ಜನರಲನ ಕೈಗೆ ಒಪ್ಪಿಸಿತು. ಅಂದಿನಿಂದ ಸುಮಾರು ಮೂವತ್ತು ವರ್ಷಗಳ ಕಾಲ ಹುಬ್ಬಳ್ಳಿಯ ಅರಳೆಗಾಗಲಿ ಸಾಷ್ಟಿಯ ಉಪ್ಪಿಗಾಗಲಿ ಬೇಕಾದ ವಿಧಿಗಳು, ಆ ಊರುಗಳನ್ನು ಕಣ್ಣಿನಿಂದ ಕಂಡರಿಯದ ದೂರದ ರಾಜಧಾನಿಯಲ್ಲಿ ರಚಿತವಾಗುತ್ತಿದ್ದವು. 1857ರ ಮಹಾಕ್ಷೋಭೆಯು ಉತ್ತರ ಹಿಂದೂಸ್ಥಾನವನ್ನಷ್ಟೇ ಅಲ್ಲದೆ ಹಲಗಲಿ, ನರಗುಂದಗಳನ್ನೂ ಅಲ್ಲಾಡಿಸಿದ ಮೇಲೆ, ಪ್ರಜೆಗಳ ಮನಸ್ಸಿನಲ್ಲಿರುವುದನ್ನು ತಿಳಿಸಬಲ್ಲ ದೇಶೀಯನೊಬ್ಬನೂ ಕಾಯಿದೆ ಮಾಡುವ ಮಂಡಲಿಯಲ್ಲಿಲ್ಲದಿದ್ದುದು ರಾಜ್ಯಕ್ಕೇ ಅಪಾಯಕರವೆಂಬ ಅಭಿಪ್ರಾಯವು ಆಂಗ್ಲ ಅಧಿಕಾರಿಗಳಲ್ಲೇ ಬಲಗೊಂಡಿತು. ಮುಂದೆ ಮುಂಬಯಿಯ ಗವರ್ನರನಾದ ಸರ್ ಬಾರ್ಟಲ್ ಫ್ರಿಯರನು ಈ ಅಭಿಪ್ರಾಯವನ್ನು ಎತ್ತಿ ಹಿಡಿದವರಲ್ಲಿ ಪ್ರಮುಖನು. ಇದರ ಫಲವಾಗಿ ಬ್ರಿಟಿಷ್ ಪಾರ್ಲಿಮೆಂಟು 1861ರಲ್ಲಿ ಇಂಡಿಯನ್ ಕೌನ್ಸಿಲ್ಸ್ ಕಾಯಿದೆಯನ್ನು ಮಾಡಿ, ಮುಂಬಯಿ ಮದರಾಸುಗಳಿಗೆ ಶಾಸನಾಧಿಕಾರವನ್ನು ಹಿಂದಿರುಗಿಸಿತು.

1862ರ ಜನವರಿ 22ರಂದು, ಮುಂಬಯಿ ಕೋಟೆಯ ಟೌನ್ ಹಾಲಿನ ದರ್ಬಾರು ದಿವಾನಖಾನೆಯಲ್ಲಿ, ಗವರ್ನರ್ ಸರ್ ಜಾರ್ಜ್ ಕ್ಲಾರ್ಕನ ಅಧ್ಯಕ್ಷತೆಯಲ್ಲಿ ಈ ನೂತನ ಸಭೆಯು ಮೊದಲ ಬಾರಿಗೆ ಸೇರಿತು. 1833ರಲ್ಲಿ ಪೂರ್ಣಗೊಂಡ ಆ ಶುಭ್ರಸ್ತಂಭಗಳ ಮಂದಿರ ಇಂದಿಗೂ ಏಷಿಯಾಟಿಕ್ ಸೊಸೈಟಿಯ ಗ್ರಂಥಾಲಯವಾಗಿ ನಿಂತಿದೆ. ಡೊಂಬಿವಲಿಯಿಂದ ಪ್ರಾತಃಕಾಲದ ಲೋಕಲಿನಲ್ಲಿ ಹೊರಟು ಕೋಟೆಯ ಕಛೇರಿಗಳಿಗೆ ಹೋಗುವ ಸಾವಿರಾರು ಜನರು ಅದರ ಎತ್ತರದ ಮೆಟ್ಟಿಲುಗಳ ಮುಂದೆಯೇ ನಡೆದುಹೋಗುತ್ತಾರೆ. ಉತ್ತರ ಕನ್ನಡ ಜಿಲ್ಲೆಯು ಮದರಾಸಿನಿಂದ ಮುಂಬಯಿ ಇಲಾಖೆಗೆ ವರ್ಗವಾದದ್ದೂ ಅದೇ 1862ರಲ್ಲಿ ಎಂಬುದು ಇಲ್ಲಿ ಸ್ಮರಣೀಯ. ಎರಡು ವರ್ಷ ಮೊದಲು ಕೆನರಾ ಜಿಲ್ಲೆಯು ಇಬ್ಭಾಗವಾಗಿತ್ತು. ಕುಂದಾಪುರವು ದಕ್ಷಿಣದೊಡನೆ ಮದರಾಸಿನಲ್ಲಿಯೇ ಉಳಿಯಲು, ಭಟ್ಕಳ, ಹೊನ್ನಾವರ, ಕುಮಟೆ, ಕಾರವಾರಗಳು ಮುಂಬಯಿಯ ಪಾಲಿಗೆ ಬಂದವು. ಹೀಗೆ ಸಭೆಯು ಜನಿಸಿದ ವರ್ಷದಲ್ಲಿಯೇ ಕಾರವಾರದ ಕನ್ನಡಿಗನು ಅದರ ಶಾಸನಕ್ಕೆ ಒಳಪಟ್ಟನು.

ಆ ಸಭೆಯ ಸ್ವರೂಪವನ್ನು ಇಂದಿನ ವಿಧಾನಸಭೆಯ ಕಲ್ಪನೆಯಿಂದ ಅಳೆಯಲಾಗದು. ಗವರ್ನರನ ಕಾರ್ಯಕಾರಿ ಮಂಡಲಿಗೆ ಅಡ್ವೊಕೇಟ್ ಜನರಲನನ್ನೂ, ನಾಲ್ಕಕ್ಕೆ ಕಡಿಮೆಯಿಲ್ಲದೆ ಎಂಟಕ್ಕೆ ಮೀರದೆ ಇತರ ಸದಸ್ಯರನ್ನೂ ಕಾಯಿದೆ ಮಾಡುವ ಸಲುವಾಗಿ ಮಾತ್ರ ಕೂಡಿಸಿಕೊಳ್ಳುತ್ತಿದ್ದರು. ಆ ಹೆಚ್ಚಿನ ಸದಸ್ಯರಲ್ಲಿ ಅರ್ಧದಷ್ಟಾದರೂ ಸರಕಾರಿ ನೌಕರರಲ್ಲದವರು ಇರಬೇಕೆಂಬುದು ವಿಧಿ. ಅವರನ್ನು ಪ್ರಜೆಗಳು ಆರಿಸುತ್ತಿರಲಿಲ್ಲ. ಗವರ್ನರನು ಎರಡು ವರ್ಷಗಳ ಅವಧಿಗೆ ನಾಮಕರಣ ಮಾಡುತ್ತಿದ್ದನು. ಸಭೆಯ ಮುಂದೆ ತಂದ ಮಸೂದೆಯ ವಿನಾ ಬೇರಾವ ವಿಷಯವನ್ನೂ ಅವರು ಚರ್ಚಿಸುವಂತಿರಲಿಲ್ಲ. ಅಧಿಕಾರಿಯೊಬ್ಬನ ಅನ್ಯಾಯದ ಬಗೆಗೆ ಪ್ರಶ್ನೆ ಕೇಳುವ ಹಕ್ಕಿರಲಿಲ್ಲ. ತೆರಿಗೆಯಿಂದ ಬಂದ ಹಣವು ಎಲ್ಲಿ ವ್ಯಯವಾಯಿತೆಂದು ಕೇಳುವ ಹಕ್ಕಂತೂ ಮೊದಲೇ ಇರಲಿಲ್ಲ. ಮಸೂದೆಯು ಸಭೆಯಲ್ಲಿ ವಾಚನಗೊಂಡು, ಉಪಸಮಿತಿಯ ಪರಿಶೀಲನೆಯನ್ನು ದಾಟಿ, ಬಹುಮತದಿಂದ ಅಂಗೀಕೃತವಾದ ಅನಂತರವೂ ಗವರ್ನರನ ಸಮ್ಮತಿ ಬೇಕು. ಅದರ ಮೇಲೆ ಗವರ್ನರ್ ಜನರಲನ ಸಮ್ಮತಿಯೂ ಬೇಕು. ಅದೂ ಆದಮೇಲೆ ಇಂಗ್ಲೆಂಡಿನ ರಾಣಿಯ ಹೆಸರಿನಲ್ಲಿ ಅದನ್ನು ತಳ್ಳಿಹಾಕಲು ಅವಕಾಶವಿದ್ದಿತು. ಸಭೆಯ ಕಲಾಪವೆಲ್ಲ ಇಂಗ್ಲಿಷಿನಲ್ಲಿ ಸಾಗುತ್ತಿದ್ದುದರಿಂದ, ಸಿಂಧದಿಂದ ಕಾರವಾರದವರೆಗೆ ಹಬ್ಬಿದ್ದ ಈ ಇಲಾಖೆಯ ಸಿಂಧಿ, ಗುಜರಾತಿ, ಮರಾಠಿ, ಕನ್ನಡ ಪ್ರಜೆಗಳಿಗೆ ತಮ್ಮ ಕಾಯಿದೆಯ ಅರ್ಥವು ಭಾಷಾಂತರದ ಮೂಲಕವೇ ತಿಳಿಯಬೇಕಾಗಿದ್ದಿತು.

ಅದಕ್ಕೂ ಮೊದಲೇ ಅಮೆರಿಕೆಯ ಸಂಸ್ಥಾನಗಳ ಶಾಸನಸಭೆಗಳು ಹೇಗಿದ್ದವೆಂಬುದನ್ನು ನೋಡಿದರೆ ನಮ್ಮ ಸಭೆಯು ಹೊರಟ ಸ್ಥಾನ ಎಷ್ಟು ಹಿಂದಿದ್ದಿತೆಂಬುದು ಸ್ಪಷ್ಟವಾಗುತ್ತದೆ. ಅಬ್ರಹಾಂ ಲಿಂಕನ್ನನು ಇಲಿನಾಯ್ ಸಂಸ್ಥಾನದ ಶಾಸನಸಭೆಗೆ 1834ರಲ್ಲಿ ಮೊದಲ ಬಾರಿಗೆ ಆರಿಸಿ ಬಂದಾಗ ಅವನು ನ್ಯೂ ಸೇಲಂ ಎಂಬ ಸಣ್ಣ ಹಳ್ಳಿಯಲ್ಲಿ ಅಂಚೆಯ ಕೆಲಸವನ್ನೂ ಭೂಮಾಪನವನ್ನೂ ಮಾಡಿಕೊಂಡಿದ್ದ ಸಾಮಾನ್ಯ ಗೃಹಸ್ಥ. ನೆರೆಹೊರೆಯವರ ಮತದಿಂದ ನಾಲ್ಕು ಅವಧಿಗಳಿಗೆ ಆರಿಸಿಬಂದ ಅವನು, ಸಂಸ್ಥಾನದ ರಾಜಧಾನಿಯನ್ನು ವಂಡೇಲಿಯಾದಿಂದ ಸ್ಪ್ರಿಂಗ್‌ಫೀಲ್ಡಿಗೆ ತರುವ ನಿರ್ಣಯದಲ್ಲಿ ಮುಖ್ಯನಾಗಿದ್ದನು. ಅಲ್ಲಿ ಸ್ತ್ರೀಯರಿಗೂ ಆಫ್ರಿಕಾ ಮೂಲದ ಜನರಿಗೂ ಮತವಿರಲಿಲ್ಲವೆಂಬುದನ್ನು ಮರೆಯಲಾಗದು. ಆದರೂ, ಹಣ ಕೊಡುವವನೇ ಹಣದ ಲೆಕ್ಕ ಕೇಳುವನೆಂಬ ತತ್ತ್ವವು ಅಲ್ಲಿ ಸ್ಥಿರಪಟ್ಟಿದ್ದಿತು. ನಮ್ಮಲ್ಲಿ ಆ ತತ್ತ್ವವನ್ನು ಒಂದೊಂದೇ ಅಂಗುಲವಾಗಿ ಗಳಿಸಬೇಕಾಯಿತು. ಪಕ್ಕದ ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಅವರು 1881ರ ಅಕ್ಟೋಬರಿನಲ್ಲಿ 144 ಮಂದಿ ರೈತರು, ವರ್ತಕರು, ಪ್ರಮುಖರು ಸೇರಿದ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಅದಕ್ಕೆ ಕಾಯಿದೆ ಮಾಡುವ ಅಧಿಕಾರವಿರಲಿಲ್ಲ. ಅಹವಾಲನ್ನು ಹೇಳಿಕೊಳ್ಳುವ ಅವಕಾಶ ಮಾತ್ರವಿದ್ದಿತು. ಮುಂಬಯಿಯ ಸಭೆಗೆ ಕಾಯಿದೆ ಮಾಡುವ ಅಧಿಕಾರವಿದ್ದಿತು. ಅಹವಾಲು ಹೇಳುವ ಅವಕಾಶವಿರಲಿಲ್ಲ. ಒಂದೇ ಕನ್ನಡ ನಾಡಿನ ಎರಡು ಭಾಗಗಳು ಪ್ರಾತಿನಿಧ್ಯದ ಒಂದೊಂದು ಅರ್ಧವನ್ನು ಹೀಗೆ ಬೇರೆಬೇರೆಯಾಗಿ ಅಭ್ಯಾಸ ಮಾಡಿದವು.

ಆದಿಕಾಲದ ಸದಸ್ಯರಲ್ಲಿ ಅಗ್ರಗಣ್ಯರು ಜಗನ್ನಾಥ ಶಂಕರಶೇಟರು. ಕಲ್ಯಾಣಕ್ಕೆ ನೆರೆಯ ಮುರಬಾಡದಲ್ಲಿ 1803ರಲ್ಲಿ ಜನಿಸಿದ ಈ ಮಹನೀಯರನ್ನು ಠಾಣೆ ಜಿಲ್ಲೆಯು ತನ್ನ ಪುತ್ರನೆಂದು ಹೆಮ್ಮೆಯಿಂದ ಹೇಳಿಕೊಳ್ಳಬಹುದು. ಮುಂಬಯಿಯ ವಿದ್ಯಾಸಂಸ್ಥೆಗಳ ಸ್ಥಾಪನೆಯಲ್ಲಿಯೂ, 1852ರಲ್ಲಿ ಹುಟ್ಟಿದ ಬಾಂಬೆ ಅಸೋಸಿಯೇಷನ್ನಿನಲ್ಲಿಯೂ, ಬೋರಿಬಂದರಿನಿಂದ ಠಾಣೆಗೆ 1853ರ ಏಪ್ರಿಲ್ 16ರಂದು ಓಡಿದ ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲಿನ ಹಿಂದಿದ್ದ ಉದ್ಯಮದಲ್ಲಿಯೂ ಅವರ ಕೈ ಇದ್ದಿತು. ಆ ಹಳಿಯು ಮರುವರ್ಷವೇ ಕಲ್ಯಾಣದವರೆಗೆ ಬಂದಿತು. ನಾಮಕರಣಗೊಂಡ ಇತರರಲ್ಲಿ ಹೆಚ್ಚಿನವರು ಸರದಾರರು, ಜಹಗೀರುದಾರರು, ಪಾರಸಿ ಮತ್ತು ಗುಜರಾತಿ ವಣಿಕಪ್ರಮುಖರು. ಇವರು ಪ್ರಜೆಗಳಿಂದ ಅಧಿಕಾರ ಪಡೆದವರಲ್ಲವಾದುದರಿಂದ ಪ್ರಜೆಗಳಿಗೆ ಉತ್ತರ ಕೊಡಬೇಕಾದ ಬಾಧ್ಯತೆಯೂ ಅವರಿಗಿರಲಿಲ್ಲ. ಆದರೂ ಈ ಸಭೆಯ ಹೊಸ್ತಿಲನ್ನು ದೇಶೀಯನು ದಾಟಿದುದೇ ಒಂದು ಮಹತ್ತರ ಘಟನೆಯಾಗಿದ್ದಿತು. ಏಕೆಂದರೆ ಒಮ್ಮೆ ಒಳಗೆ ಕುಳಿತವನು ಮಾತನಾಡುವುದನ್ನು ಎಂದಾದರೂ ಕಲಿಯದೆ ಇರನು.

ಹಾಗೆ ಮಾತನಾಡುವುದನ್ನು ಕಲಿತವರಲ್ಲಿ ರಾವಸಾಹೇಬ ವಿಶ್ವನಾಥ ನಾರಾಯಣ ಮಂಡಲಿಕರು ಪ್ರಮುಖರು. ರತ್ನಾಗಿರಿ ಜಿಲ್ಲೆಯ ಮುರೂಡದಲ್ಲಿ 1833ರಲ್ಲಿ ಜನಿಸಿ, ವಕೀಲಿಯಲ್ಲಿ ಕೀರ್ತಿಗಳಿಸಿ, ‘ನೇಟಿವ್ ಒಪೀನಿಯನ್’ ಪತ್ರಿಕೆಯನ್ನು ಸ್ಥಾಪಿಸಿದ ಅವರು 1874ರಲ್ಲಿ ಸಭೆಯನ್ನು ಪ್ರವೇಶಿಸಿದರು. ಧರ್ಮಶಾಸ್ತ್ರಗ್ರಂಥಗಳನ್ನು ಇಂಗ್ಲಿಷಿಗೆ ಅನುವಾದಿಸಿದ ಪಂಡಿತರಾದ ಅವರಿಗೆ ಗ್ರಾಮವ್ಯವಸ್ಥೆಯ ಸೂಕ್ಷ್ಮಗಳು ಕರತಲಾಮಲಕವಾಗಿದ್ದವು. ಅವರಿಂದ ಮುಂದೆ, ಸರದಾರನ ಸ್ಥಾನದಲ್ಲಿ ವಕೀಲನೂ ಪತ್ರಿಕೆಯವನೂ ಕುಳಿತುಕೊಳ್ಳುವ ಕಾಲವು ಆರಂಭವಾಯಿತು.

ಈ ಸಭೆಯು ರಚಿಸಿದ ಕಾಯಿದೆಗಳಾದರೋ ಗ್ರಾಮಜೀವನದ ಅಂತರಂಗವನ್ನೇ ಹೊಕ್ಕವು. ಅಮೆರಿಕೆಯಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧವು ನಡೆದು ಅಲ್ಲಿಯ ಅರಳೆಯು ಇಂಗ್ಲೆಂಡಿನ ಗಿರಣಿಗಳಿಗೆ ಬಾರದೆ ಹೋದಾಗ, ಹುಬ್ಬಳ್ಳಿ, ಗದಗ, ಧಾರವಾಡಗಳ ಕರಿಮಣ್ಣಿನ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಅದಕ್ಕೆ ಎರಡು ದಶಕಗಳಷ್ಟು ಹಿಂದೆಯೇ ಅಮೆರಿಕೆಯ ಬೀಜದಿಂದ ಬೆಳೆಯತೊಡಗಿದ್ದ ‘ಧಾರವಾಡ ಅಮೆರಿಕನ್’ ಹತ್ತಿಯು ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಕುಮಟೆಯ ಬಂದರಿನಿಂದ ಹಡಗನ್ನೇರಿ ಮುಂಬಯಿಗೆ ಬರುತ್ತಿದ್ದಿತು. ಬೆಲೆಯೊಡನೆ ಕಲಬೆರಕೆಯೂ ಹೆಚ್ಚಿತು. ಬೀಜ, ಮಣ್ಣು, ಕೀಳು ಜಾತಿಯ ಅರಳೆಯನ್ನು ಬೆರಸಿದ ಮೂಟೆಗಳ ಬಗೆಗೆ ವರ್ತಕರು ದೂರಿದರು. 1863ರ 9ನೆಯ ಕಾಯಿದೆಯಿಂದ ಸಭೆಯು ಅರಳೆಯ ಮೋಸವನ್ನು ಅಪರಾಧವನ್ನಾಗಿ ಮಾಡಿ, ಅದರ ಮೇಲ್ವಿಚಾರಣೆಗೆ ಇನ್‌ಸ್ಪೆಕ್ಟರುಗಳನ್ನು ನೇಮಿಸಿತು. ಅಮೆರಿಕೆಯ ಯುದ್ಧ, ಮ್ಯಾಂಚೆಸ್ಟರಿನ ಗಿರಣಿ, ಮುಂಬಯಿಯ ಸಭೆ, ಹುಬ್ಬಳ್ಳಿಯ ಪೇಟೆ ಇವೆಲ್ಲವನ್ನೂ ಒಂದೇ ಸೂತ್ರದಲ್ಲಿ ಬಂಧಿಸಿದ ಈ ಕಾಯಿದೆಯು ರೈತನನ್ನು ಕೇಳಿ ಆದದ್ದಲ್ಲ. ಆದರೆ ರೈತನ ಕಣದಿಂದ ಹೊರಟ ಪ್ರತಿಯೊಂದು ಅಂಡಿಗೆಯ ಬೆಲೆಯ ಮೇಲೆ ಅದರ ಛಾಯೆ ಬಿದ್ದಿತು.

1874ರ 3ನೆಯ ಕಾಯಿದೆಯು ವತನಗಳನ್ನು ಕುರಿತದ್ದು. ಗೌಡಕಿ, ಕುಲಕರ್ಣಿಕೆ, ದೇಸಗತಿ ಮೊದಲಾದ ಆನುವಂಶಿಕ ಅಧಿಕಾರಗಳು ಯಾರ ಮನೆಯಲ್ಲಿ ಯಾವ ಕ್ರಮದಲ್ಲಿ ನಡೆಯಬೇಕು, ವತನದ ಭೂಮಿಯನ್ನು ಪರಭಾರೆ ಮಾಡಬಹುದೆ, ಸೇವೆಗೆ ಪ್ರತಿಯಾಗಿ ಏನು ಸಲ್ಲಬೇಕು ಎಂಬಿವನ್ನೆಲ್ಲ ಅದು ನಿಯಮಿಸಿತು. ಕರ್ನಾಟಕದಲ್ಲಿ 1961ರ ಕಾಯಿದೆಯಿಂದ ಈ ಹಕ್ಕುಗಳಲ್ಲಿ ಉಳಿದವು ರದ್ದಾಗುವವರೆಗೆ ಬೆಳಗಾವಿ, ಧಾರವಾಡಗಳ ಕೋರ್ಟುಗಳಲ್ಲಿ ನಡೆದ ಅಸಂಖ್ಯ ವತನದ ವ್ಯಾಜ್ಯಗಳಿಗೆ ಆಧಾರವಾಗಿದ್ದುದು ಇದೇ ಗ್ರಂಥ. ಅದಕ್ಕಿಂತಲೂ ವ್ಯಾಪಕವಾದದ್ದು 1879ರ 5ನೆಯ ಕಾಯಿದೆ, ಅಂದರೆ ಲ್ಯಾಂಡ್ ರೆವೆನ್ಯೂ ಕೋಡ್. ಕಲೆಕ್ಟರನಿಂದ ಮಾಮಲೇದಾರ, ತಲಾಠಿಗಳವರೆಗಿನ ಅಧಿಕಾರಶ್ರೇಣಿ, ಸರ್ವೆ ನಂಬರು, ಸಾರಾ ನಿಗದಿ, ಬಾಕಿ ಉಳಿಸಿಕೊಂಡವನ ಭೂಮಿಯ ಜಪ್ತಿ, ಬಿನ್‌ಶೇತಕಿಯ (ಕೃಷಿಯೇತರ ಬಳಕೆಯ) ಅಪ್ಪಣೆ, ಹೀಗೆ ನೆಲಕ್ಕೂ ಪ್ರಭುತ್ವಕ್ಕೂ ಇರುವ ಸಂಬಂಧವೆಲ್ಲವೂ ಅದರಲ್ಲಿ ಅಡಗಿದ್ದಿತು. ಧಾರವಾಡದ ಸೀಮೆಯಲ್ಲಿ 1964ರ ಕರ್ನಾಟಕದ ಭೂಕಂದಾಯ ಕಾಯಿದೆ ಬರುವವರೆಗೆ, ಠಾಣೆಯಲ್ಲಿ 1966ರ ಮಹಾರಾಷ್ಟ್ರದ ಸಂಹಿತೆ ಬರುವವರೆಗೆ ಅದೇ ನಡೆಯಿತು. ಇಂದು ಡೊಂಬಿವಲಿಯಲ್ಲಿ ಮನೆ ಕೊಳ್ಳುವ ಕನ್ನಡಿಗನು ಆ ನಿವೇಶನದ ಸಾತ್‌ಬಾರಾ ಉತಾರೆಯನ್ನೂ ಬಿನ್‌ಶೇತಕಿ ಹುಕುಮನ್ನೂ ತೆರೆದು ನೋಡುವಾಗ, ಅವನ ಅಜ್ಜನು ನವಲಗುಂದದಲ್ಲಿಯೋ ಮುದ್ದೇಬಿಹಾಳದಲ್ಲಿಯೋ ಕೈಯಲ್ಲಿ ಹಿಡಿದಿದ್ದ ಕಾಗದಪತ್ರಗಳ ಸಂಪ್ರದಾಯವನ್ನೇ ನೋಡುತ್ತಿರುತ್ತಾನೆ.

ಎಲ್ಲ ಕಾಯಿದೆಗಳೂ ಇಷ್ಟು ನಿರಪಾಯವಾಗಿರಲಿಲ್ಲ. 1878ರ ಅಬಕಾರಿ ಕಾಯಿದೆಯು ಮದ್ಯದ ತಯಾರಿಕೆಯನ್ನೂ ಮಾರಾಟವನ್ನೂ ಸರಕಾರದ ಬಿಗಿಯಾದ ಹತೋಟಿಗೆ ತಂದಿತು. ಸೇಂದಿ ಇಳಿಸುವ ಮರಗಳ ಮೇಲಣ ತೆರಿಗೆಯು ಠಾಣೆಯ ಭಂಡಾರಿಗಳಿಗೆ ಹೊರೆಯಾದಂತೆ ಉತ್ತರ ಕನ್ನಡದ ಹಳೆಪೈಕರಿಗೂ ಹೊರೆಯಾಯಿತು. ಠಾಣೆಯ ವನವಾಸಿಗಳ ಮೇಲೆ ಇದಕ್ಕಿಂತಲೂ ಕಠೋರವಾದ ಆಘಾತವು 1892ರಲ್ಲಿ ಬಂದಿತು. ಕನ್ನಡದಲ್ಲಿ ನಾವು ಇಪ್ಪೆಯೆನ್ನುವ, ಮರಾಠಿಗರು ಮೋಹವೆನ್ನುವ ಮರದ ಹೂವನ್ನು ವಾರ್ಲಿ, ಕಾತಕರಿ, ಠಾಕೂರ ಜನರು ಬೇಸಗೆಯಲ್ಲಿ ಆಯ್ದು ಒಣಗಿಸಿ ಆಹಾರಕ್ಕೂ ಪಾನಕ್ಕೂ ಬಳಸುತ್ತಿದ್ದರು. ಆ ಹೂವಿನಿಂದ ಮನೆಯಲ್ಲಿ ಸಾರಾಯಿ ಕಾಯಿಸುವುದನ್ನು ತಡೆದು ಅಬಕಾರಿಯ ಆದಾಯವನ್ನು ಕಾಪಾಡುವ ಉದ್ದೇಶದಿಂದ, ಠಾಣೆ ಮತ್ತು ಕೊಲಾಬಾ (ಇಂದಿನ ರಾಯಗಡ) ಜಿಲ್ಲೆಗಳಿಗೆ ಅನ್ವಯಿಸುವಂತೆ, ಹೂವಿನ ಸಂಗ್ರಹ ಮತ್ತು ವ್ಯಾಪಾರಗಳನ್ನೇ ನಿರ್ಬಂಧಿಸುವ ಕಾಯಿದೆಯನ್ನು ಸಭೆಯು ಮಾಡಿತು. ಕಾಡಿನ ಮರವು ತಾನಾಗಿ ಉದುರಿಸಿದ ಹೂವನ್ನು ಆಯುವುದು ಅಪರಾಧವೆಂದು ವಿಧಿಸುವಾಗ ಆ ಹೂವನ್ನುಂಡು ಬದುಕುವವರಲ್ಲಿ ಒಬ್ಬನಾದರೂ ಆ ಸಭೆಯಲ್ಲಿರಲಿಲ್ಲ. ಪ್ರತಿನಿಧಿಯಿಲ್ಲದ ಶಾಸನವು ಎಂತಹ ಕ್ರೂರತೆಗೆ ಅರಿವಿಲ್ಲದೆಯೇ ಇಳಿಯಬಲ್ಲುದೆಂಬುದಕ್ಕೆ ಇದಕ್ಕಿಂತ ದೂರದ ನಿದರ್ಶನವನ್ನು ಹುಡುಕಬೇಕಾಗಿಲ್ಲ.

ಆದರೆ ಈ ಕಾಲದಲ್ಲಿಯೇ ಮತ್ತೊಂದು ಪ್ರವಾಹವೂ ಹರಿಯತೊಡಗಿದ್ದಿತು. ಹುಬ್ಬಳ್ಳಿಯಲ್ಲಿಯೂ ಕಲ್ಯಾಣದಲ್ಲಿಯೂ 1855ರಲ್ಲಿಯೇ ನಗರಸಭೆಗಳು ಹುಟ್ಟಿದ್ದವು. ಮರುವರ್ಷ ಧಾರವಾಡದಲ್ಲಿ ಒಂದು ಹುಟ್ಟಿತು. ಅವುಗಳಲ್ಲಿ ಬಹುಕಾಲ ಕಲೆಕ್ಟರನ ಮಾತೇ ನಡೆಯುತ್ತಿದ್ದಿತು. ವೈಸರಾಯ್ ಲಾರ್ಡ್ ರಿಪನ್ನನು 1882ರಲ್ಲಿ ಸ್ಥಳೀಯ ಸ್ವರಾಜ್ಯವನ್ನು ಕುರಿತು ಹೊರಡಿಸಿದ ನಿರ್ಣಯವನ್ನನುಸರಿಸಿ, ಮುಂಬಯಿಯ ಸಭೆಯು 1884ರಲ್ಲಿ ಎರಡು ಕಾಯಿದೆಗಳನ್ನು ಮಾಡಿತು: ಒಂದರಿಂದ ಜಿಲ್ಲಾ ಮತ್ತು ತಾಲ್ಲೂಕು ಲೋಕಲ್ ಬೋರ್ಡುಗಳು ಏರ್ಪಟ್ಟವು, ಮತ್ತೊಂದರಿಂದ ಜಿಲ್ಲೆಗಳ ನಗರಸಭೆಗಳು ಸುಧಾರಣೆಗೊಂಡವು. ರಸ್ತೆ, ಶಾಲೆ, ಔಷಧಾಲಯ, ಕುಡಿಯುವ ನೀರು ಇವುಗಳ ವಿಷಯದಲ್ಲಿ ಊರಿನವರೇ ಆರಿಸಿದ ಕೆಲವರು ಕೂಡಿ ನಿರ್ಣಯಿಸುವ ಅಭ್ಯಾಸವು ಅಲ್ಲಿಂದ ಮೊದಲಾಯಿತು. ಅದೇ ವರ್ಷ ಸಭೆಗೆ ಬಂದ ಕಾಶಿನಾಥ ತ್ರಿಂಬಕ ತೆಲಂಗರೂ, ಅವರ ಹಿಂದೆಯೇ ಬಂದ ಫಿರೋಜಶಾ ಮೆಹತಾರೂ, 1888ರ ಮುಂಬಯಿ ನಗರದ ಮುನಿಸಿಪಲ್ ಕಾಯಿದೆಯು ಉಪಸಮಿತಿಯಲ್ಲಿಯೂ ಸಭೆಯಲ್ಲಿಯೂ ಚರ್ಚೆಗೆ ಬಂದಾಗ, ನಗರದ ಪ್ರಜಾಪ್ರತಿನಿಧಿಗಳ ಅಧಿಕಾರವನ್ನು ಕಾಪಾಡಲು ವಿಧಿವಿಧಿಯಾಗಿ ಹೋರಾಡಿದರು. ತೆಲಂಗರ ಸೌಮ್ಯವಾದ ಪಾಂಡಿತ್ಯವೂ ಮೆಹತಾರ ಸಿಂಹಗರ್ಜನೆಯೂ ಕೂಡಿದುದರಿಂದ, ನಾಮಕರಣಗೊಂಡ ಸದಸ್ಯನೂ ಪ್ರಜೆಗಳ ವಕೀಲನಾಗಬಲ್ಲನೆಂಬುದು ಸಿದ್ಧವಾಯಿತು. ಆ ಕಾಯಿದೆಯು ಅನೇಕ ತಿದ್ದುಪಡಿಗಳೊಡನೆ ಇಂದಿಗೂ ಬೃಹನ್ಮುಂಬಯಿಯನ್ನು ಆಳುತ್ತಿದೆ.

1892ರಲ್ಲಿ ಪಾರ್ಲಿಮೆಂಟು ಹೊಸದೊಂದು ಕೌನ್ಸಿಲ್ಸ್ ಕಾಯಿದೆಯನ್ನು ಮಾಡಿತು. ಮುಂಬಯಿ ಸಭೆಯ ಹೆಚ್ಚಿನ ಸದಸ್ಯರ ಸಂಖ್ಯೆಯು ಇಪ್ಪತ್ತರವರೆಗೆ ಏರಿತು. ಆಯವ್ಯಯವನ್ನು ಚರ್ಚಿಸುವ ಹಕ್ಕು ದೊರೆಯಿತು, ಮತ ಹಾಕುವ ಹಕ್ಕು ದೊರೆಯಲಿಲ್ಲ. ಪ್ರಶ್ನೆ ಕೇಳುವ ಹಕ್ಕು ದೊರೆಯಿತು, ಮರುಪ್ರಶ್ನೆಯ ಹಕ್ಕು ದೊರೆಯಲಿಲ್ಲ. ಚುನಾವಣೆಯೆಂಬ ಹೆಸರನ್ನು ಕಾಯಿದೆಯು ಎತ್ತಲಿಲ್ಲವಾದರೂ, ಮುಂಬಯಿ ನಗರದ ಕಾರ್ಪೊರೇಷನ್, ವಿಶ್ವವಿದ್ಯಾಲಯ, ವಾಣಿಜ್ಯ ಸಂಘಗಳು, ದಖ್ಖನದ ಸರದಾರರು, ಮತ್ತು ಇಲಾಖೆಯ ವಿಭಾಗಗಳ ಸ್ಥಳೀಯ ಸಂಸ್ಥೆಗಳು ಶಿಫಾರಸು ಮಾಡಿದವರನ್ನು ಗವರ್ನರನು ನಾಮಕರಣ ಮಾಡುವ ಪದ್ಧತಿಯು ಏರ್ಪಟ್ಟಿತು. ಈ ವಿಭಾಗಗಳ ರಚನೆಯನ್ನು ನಮ್ಮ ಓದುಗರು ಲಕ್ಷ್ಯವಿಟ್ಟು ನೋಡಬೇಕು. ಠಾಣೆ ಜಿಲ್ಲೆಯು ಗುಜರಾತಿನ ಜಿಲ್ಲೆಗಳೊಡನೆ ಉತ್ತರ ವಿಭಾಗದಲ್ಲಿದ್ದಿತು. ದಕ್ಷಿಣ ವಿಭಾಗದಲ್ಲಿ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡಗಳೂ ರತ್ನಾಗಿರಿ, ಕೊಲಾಬಾಗಳೂ ಇದ್ದವು. ಪನವೇಲ ತಾಲ್ಲೂಕು ಉರಣದೊಡನೆ 1883ರಲ್ಲಿ ಠಾಣೆಯಿಂದ ಕೊಲಾಬಾ ಜಿಲ್ಲೆಗೆ ಸೇರಿದ್ದುದರಿಂದ, ಇಂದು ನವಿ ಮುಂಬಯಿಯ ನೂತನ ವಸಾಹತುಗಳು ಹಬ್ಬಿರುವ ಭೂಮಿಯಲ್ಲಿ ಒಂದು ಭಾಗ ಗುಜರಾತಿನೊಡನೆಯೂ ಮತ್ತೊಂದು ಭಾಗ ಕನ್ನಡ ಜಿಲ್ಲೆಗಳೊಡನೆಯೂ ಒಂದೇ ವಿಭಾಗದಲ್ಲಿ ಎಣಿಸಲ್ಪಡುತ್ತಿದ್ದವು. ಪನವೇಲಿನ ಆಗರಿ ರೈತನೂ ರಾಣೆಬೆನ್ನೂರಿನ ಒಕ್ಕಲಿಗನೂ ಒಬ್ಬನೇ ಕಮಿಶನರನ ಅಧೀನದಲ್ಲಿದ್ದರು.

ಈ ಸಂಕುಚಿತವಾದ ದ್ವಾರದಿಂದಲೇ ಮಹಾಪುರುಷರು ಒಳಹೊಕ್ಕರು. ಮೆಹತಾರು 1893ರಲ್ಲಿ ಕಾರ್ಪೊರೇಷನ್ನಿನಿಂದ ಆರಿಸಿಬಂದರು. ಬಾಲ ಗಂಗಾಧರ ಟಿಳಕರು 1895ರಲ್ಲಿ ಮಧ್ಯ ವಿಭಾಗದ ಸ್ಥಳೀಯ ಬೋರ್ಡುಗಳ ಪ್ರತಿನಿಧಿಯಾಗಿ ಬಂದು, 1897ರಲ್ಲಿ ಪುನಃ ಆರಿಸಲ್ಪಟ್ಟರು. ಅದೇ ವರ್ಷ ರಾಜದ್ರೋಹದ ಆರೋಪದ ಮೇಲೆ ಅವರು ಸೆರೆಮನೆಗೆ ಹೋದರು. ಶತಮಾನದ ಕೊನೆಯಲ್ಲಿ ಗೋಪಾಲ ಕೃಷ್ಣ ಗೋಖಲೆಯವರು ಬಂದರು. ಇತ್ತ 1876ರಿಂದ 78ರ ಭೀಕರ ಬರವು ವಿಜಾಪುರ, ಧಾರವಾಡ, ಬೆಳಗಾವಿಗಳನ್ನು ಬರಿದುಮಾಡಿದ್ದು ಜನಮನದಿಂದ ಮಾಸುವ ಮೊದಲೇ, 1896ರಲ್ಲಿಯೂ 1899ರಲ್ಲಿಯೂ ಮತ್ತೆ ಕ್ಷಾಮಗಳು ಎರಗಿದವು. ನಡುವೆ ಪ್ಲೇಗು ಬಂದಿತು. ಧಾರವಾಡದಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ 1890ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘವು ಕನ್ನಡದ ದನಿಯನ್ನು ಎತ್ತತೊಡಗಿತ್ತಾದರೂ, ಸಭೆಯ ಒಳಗೆ ಕನ್ನಡ ರೈತನ ಸಂಕಟವನ್ನು ಹೇಳಬೇಕಾದರೆ ಅದು ಬಹುಮಟ್ಟಿಗೆ ಮರಾಠಿ, ಗುಜರಾತಿ, ಪಾರಸಿ ಮುಖಂಡರ ಬಾಯಿಂದಲೇ ಆಗಬೇಕಾಗಿದ್ದಿತು. ಅವರು ಅದನ್ನು ಹೇಳಿದರೆಂಬುದು ಕನ್ನಡಿಗರು ಕೃತಜ್ಞತೆಯಿಂದ ನೆನೆಯಬೇಕಾದ ಸಂಗತಿ.

ಹಾಗೆ ಅವರು ರೈತನ ಪರವಾಗಿ ಎದ್ದು ನಿಂತ ಒಂದು ದಿನ 1901ರ ಆಗಸ್ಟಿನಲ್ಲಿ ಬಂದಿತು. ಮಳೆಗಾಲದಲ್ಲಿ ಸರಕಾರವು ಪುಣೆಗೆ ಹೋಗುತ್ತಿದ್ದುದರಿಂದ ಸಭೆಯೂ ಅಲ್ಲಿಯೇ ಸೇರಿದ್ದಿತು. ಗವರ್ನರ್ ಲಾರ್ಡ್ ನಾರ್ತ್‌ಕೋಟನ ಸರಕಾರವು ಲ್ಯಾಂಡ್ ರೆವೆನ್ಯೂ ಕೋಡಿಗೆ ತಿದ್ದುಪಡಿಯೊಂದನ್ನು ತಂದಿತು. ಸಾರಾ ಬಾಕಿಗಾಗಿ ಸರಕಾರದ ವಶವಾದ ಭೂಮಿಯನ್ನು ಮರಳಿ ಕೊಡುವಾಗ, ಅದನ್ನು ಮಾರುವ ಅಥವಾ ಅಡವು ಇಡುವ ಹಕ್ಕಿಲ್ಲದಂತೆ ಕೊಡಲು ಅಧಿಕಾರ ಬೇಕೆಂಬುದು ಅದರ ಸಾರ. ರೈತನನ್ನು ಸಾವಕಾರನಿಂದ ರಕ್ಷಿಸಲೆಂದು ಇದನ್ನು ತಂದಿರುವೆವೆಂದು ಸರಕಾರವು ಹೇಳಿತು. ಕ್ಷಾಮದಿಂದ ನೊಂದು ಸಾರಾ ಕಟ್ಟಲಾರದವನ ವಂಶಪಾರಂಪರ್ಯದ ಭೂಸ್ವಾಮ್ಯವನ್ನು ಕಿತ್ತು ಅವನನ್ನು ಸರಕಾರದ ಒಕ್ಕಲನ್ನಾಗಿ ಮಾಡುವ ಉಪಾಯವಿದೆಂದು ಜನಪ್ರತಿನಿಧಿಗಳು ವಾದಿಸಿದರು. ಸಾಲ ಹುಟ್ಟದಂತಾದರೆ ರೈತನು ಬಿತ್ತುವುದೆಂತು ಎಂದು ಕೇಳಿದರು. ಊರೂರುಗಳಿಂದ ಸಭೆಗಳಾಗಿ ಅರ್ಜಿಗಳು ಹೋದವು. ಅವಸರ ಮಾಡದೆ ಮಸೂದೆಯನ್ನು ಜನಾಭಿಪ್ರಾಯಕ್ಕೆ ಬಿಡಬೇಕೆಂದು ಮೆಹತಾರು ತಂದ ಸೂಚನೆಯು ಅಧಿಕಾರಿಗಳ ಬಹುಮತದ ಮುಂದೆ ಬಿದ್ದುಹೋಯಿತು. ಆಗ ಮೆಹತಾರು ಎದ್ದು ಹೊರನಡೆದರು. ಭಾಲಚಂದ್ರ ಕೃಷ್ಣರು, ಗೋಕುಲದಾಸ ಪಾರೇಖರು, ದಾಜಿ ಆಬಾಜಿ ಖರೆಯವರು ಅವರನ್ನು ಅನುಸರಿಸಿದರು. ಮಸೂದೆಯ ವಿರುದ್ಧ ದೀರ್ಘವಾಗಿ ಮಾತನಾಡಿದ್ದ ಗೋಖಲೆಯವರೂ ಹೊರನಡೆದರು. ಮಸೂದೆಯು ಅಂಗೀಕೃತವಾಗಿ ಕಾಯಿದೆಯಾಯಿತು. ಸೋಲು ಸೋಲೇ, ಆದರೆ, ಪ್ರಜೆಗಳ ಅನುಮತಿಯಿಲ್ಲದ ಕಾಯಿದೆಗೆ ತಮ್ಮ ಉಪಸ್ಥಿತಿಯ ಮರ್ಯಾದೆಯನ್ನೂ ಕೊಡಲಾರೆವೆಂದು ಪ್ರಜಾಪಕ್ಷದವರು ಒಟ್ಟಾಗಿ ಹೊರನಡೆದ ಈ ಘಟನೆಯಿಂದ, ನಾಲ್ಕು ದಶಕಗಳ ಹಿಂದೆ ಗವರ್ನರನ ದರ್ಬಾರಾಗಿ ಹುಟ್ಟಿದ್ದ ಸಭೆಯೊಳಗೆ ವಿರೋಧಪಕ್ಷವೆಂಬುದೊಂದು ಹುಟ್ಟಿತು.

ಮುಂದಿನ ಕಥೆಯು ಇಪ್ಪತ್ತನೆಯ ಶತಮಾನಕ್ಕೆ ಸೇರಿದ್ದು. ಅದನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1909ರಲ್ಲಿಯೂ 1919ರಲ್ಲಿಯೂ ಆದ ಸುಧಾರಣೆಗಳಿಂದ ಸಭೆಯು ವಿಸ್ತಾರಗೊಂಡು, ಕನ್ನಡ ಜಿಲ್ಲೆಗಳವರು ಸ್ವಂತ ದನಿಯಲ್ಲಿ ಮಾತನಾಡಲು ಅನುಕೂಲವಾಯಿತು. ವಚನವಾಙ್ಮಯದ ಉದ್ಧಾರಕರಾದ ಫ. ಗು. ಹಳಕಟ್ಟಿಯವರು ಅಲ್ಲಿ ಸದಸ್ಯರಾಗಿದ್ದರು. ಹುಬ್ಬಳ್ಳಿಯ ಸರ್ ಸಿದ್ದಪ್ಪ ಕಂಬಳಿಯವರು ಮಂತ್ರಿಗಳಾದರು. 1937ರಲ್ಲಿ 175 ಸ್ಥಾನಗಳ ವಿಧಾನಸಭೆಯು ಬಂದಿತು. 1956ರ ನವೆಂಬರ್ 1ರಂದು ಕನ್ನಡ ಜಿಲ್ಲೆಗಳು ವಿಶಾಲ ಮೈಸೂರನ್ನು ಸೇರಿದಾಗ, ಮುಂಬಯಿ ವಿಧಾನಸಭೆಯ ಉಪಸಭಾಪತಿಗಳಾಗಿದ್ದ ಎಸ್. ಆರ್. ಕಂಠಿಯವರು ಮೈಸೂರಿಗೆ ಹೋಗಿ ಅಲ್ಲಿಯ ವಿಧಾನಸಭೆಯ ಅಧ್ಯಕ್ಷರಾದರು, ಅನಂತರ ಮುಖ್ಯಮಂತ್ರಿಗಳೂ ಆದರು. ಮುಂಬಯಿಯಲ್ಲಿ ಉಪಮಂತ್ರಿಗಳಾಗಿ ಪಳಗಿದ್ದ ಬಿ. ಡಿ. ಜತ್ತಿಯವರು 1958ರಲ್ಲಿ ಮೈಸೂರಿನ ಮುಖ್ಯಮಂತ್ರಿಗಳಾದರು. ಟೌನ್ ಹಾಲಿನ ದಿವಾನಖಾನೆಯಲ್ಲಿ ಆರಂಭವಾದ ಶಿಕ್ಷಣವು ಹೀಗೆ ವಿಧಾನಸೌಧದವರೆಗೆ ನಡೆದುಹೋಯಿತು.

ಆ ಶಿಕ್ಷಣದ ಫಲವು ಈ ತೀರದಲ್ಲಿಯೂ ಉಳಿದಿದೆ. 1982ರಲ್ಲಿ ಠಾಣೆಗೂ, 1983ರಲ್ಲಿ ಕಲ್ಯಾಣಕ್ಕೂ, 1992ರಲ್ಲಿ ನವಿ ಮುಂಬಯಿಗೂ ಮಹಾನಗರಪಾಲಿಕೆಗಳು ಬಂದುದು 1949ರ ಮುಂಬಯಿ ಪ್ರಾಂತಿಕ ಮುನಿಸಿಪಲ್ ಕಾರ್ಪೊರೇಷನ್ ಕಾಯಿದೆಯಂತೆ. ಆ ಕಾಯಿದೆಯನ್ನು ಅಂಗೀಕರಿಸಿದ ವಿಧಾನಮಂಡಲದಲ್ಲಿ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ಪ್ರತಿನಿಧಿಗಳೂ ಕುಳಿತಿದ್ದರು. ಆದ್ದರಿಂದ ಡೊಂಬಿವಲಿಯ ಕನ್ನಡಿಗನು ತನ್ನ ವಾರ್ಡಿನ ನೀರಿಗಾಗಿ, ರಸ್ತೆಗಾಗಿ, ಕನ್ನಡ ಶಾಲೆಯ ಉಳಿವಿಗಾಗಿ ನಗರಸೇವಕನನ್ನು ಪ್ರಶ್ನಿಸುವಾಗ ಅತಿಥಿಯ ಸಂಕೋಚವನ್ನು ತೋರಬೇಕಾದ ಕಾರಣವಿಲ್ಲ. ಈ ಊರುಗಳನ್ನು ಆಳುವ ಕಾಯಿದೆಯ ರಚನೆಯಲ್ಲಿ ಅವನ ನಾಡಿನವರ ಕೈಯೂ ಇದೆ. ಅದಕ್ಕಿಂತ ಮುಖ್ಯವಾಗಿ, ಪ್ರಶ್ನೆ ಕೇಳುವ ಹಕ್ಕು ಮೂವತ್ತು ವರ್ಷಗಳ ಕಾಲ ಯಾರಿಗೂ ಇಲ್ಲದೆ, 1892ರಲ್ಲಿ ಅರ್ಧ ದೊರೆತು, ಶಂಕರಶೇಟರಿಂದ ಗೋಖಲೆಯವರವರೆಗಿನ ಸದಸ್ಯರ ಸಹನೆ ಸಾಹಸಗಳಿಂದ ಪೂರ್ಣತೆಯತ್ತ ಸಾಗಿದುದು. ಆ ಹಕ್ಕನ್ನು ಬಳಸದೆ ಇಡುವವನು ಅದನ್ನು ಗಳಿಸಿದವರಿಗೆ ಋಣಿಯಾಗಿಯೇ ಉಳಿಯುತ್ತಾನೆ. ಇಪ್ಪೆಯ ಹೂವಿನ ಕಾಯಿದೆಯಲ್ಲಿ ಕಂಡಂತೆ, ಸಭೆಯಲ್ಲಿ ತಮ್ಮವರಿಲ್ಲದವರು ಇಂದೂ ನಮ್ಮ ನಡುವೆ ಇದ್ದಾರೆ. ಅವರ ಪರವಾಗಿಯೂ ಕೇಳುವುದು ಆ ಋಣವನ್ನು ತೀರಿಸುವ ಶ್ರೇಷ್ಠವಾದ ಮಾರ್ಗವಾಗಿದೆ.